ಹಜಾರದ ಮೊಳೆಗೆ ನೇತುಹಾಕಿದ ಪಟ್ಟಿ

ನಮ್ಮ ಮನೆಯ ಹಜಾರದಲ್ಲಿ, ಬೀದಿಬಾಗಿಲು ದಾಟಿದೊಡನೆ ಬಲಗಡೆಗೆ ಸಿಗುವ ಮಣ್ಣಿನ ಗೋಡೆಯಲ್ಲಿ, ಗೇಣುದ್ದದ ಒಂದು ಕಬ್ಬಿಣದ ಮೊಳೆ ಇದೆ. ನಮ್ಮ ತಂದೆ ಪಂಚಾಂಗ ತೂಗುಹಾಕಲೆಂದು ಹೊಡೆದ ಮೊಳೆ ಅದು. ಈಗ ಅದರಲ್ಲಿ ಪಂಚಾಂಗದ ಹಿಂದೆ ಗೋಣಿದಾರದಿಂದ ಪೋಣಿಸಿದ ಕಾಗದದ ಕಟ್ಟೊಂದು ನೇತಾಡುತ್ತಿರುತ್ತದೆ. ಅಂಚುಗಳು ಅಡುಗೆಮನೆಯ ಹೊಗೆಗೆ ಕಂದಿವೆ, ಮೂಲೆಗಳನ್ನು ಜಿರಲೆಗಳು ರುಚಿ ನೋಡಿ ಬಿಟ್ಟಿವೆ, ಒಳಗಿನ ಒಂದು ಪುಟದ ಮೇಲೆ ಸುಣ್ಣದ ಬೆರಳ ಗುರುತಿದೆ. ಯುದ್ಧಕಾಲದಲ್ಲಿ ಸೀಮೆಎಣ್ಣೆಗೆ ಪರದಾಡುತ್ತಿದ್ದಾಗ ಒಲೆ ಹೊತ್ತಿಸಲು ಅದನ್ನು ಕೊಡಿರೆಂದು ನನ್ನ ಹೆಂಡತಿ ಎಷ್ಟು ಸಲ ಕೇಳಿದ್ದಾಳೋ ನಾನು ಎಣಿಸಿಲ್ಲ. "ಸತ್ತೋರ ಪಟ್ಟಿ ಇಟ್ಕಂಡು ಏನ್ಮಾಡ್ತೀರ? ಒಂದು ಹೊತ್ತಿನ ಮುದ್ದೆಗೆ ಎಸರಾದ್ರೂ ಕಾಯ್ತದೆ" ಎನ್ನುವುದು ಅವಳ ವಾದ. ವಾದದಲ್ಲಿ ನಾನು ಪ್ರತಿ ಸಲವೂ ಸೋತಿದ್ದೇನೆ. ಕಟ್ಟನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ಅದು ಮತದಾರರ ಪಟ್ಟಿ. ಯುದ್ಧ ಶುರುವಾದ ಮರುವರ್ಷ ನಾನು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಉಮೇದುವಾರನಾಗಿ ನಿಂತಾಗ, ನಮ್ಮ ಹೋಬಳಿಯ ಹೆಸರುಗಳನ್ನೆಲ್ಲ ಕಚೇರಿಯ ಗೋಡೆಗೆ ಅಂಟಿಸಿದ್ದ ಪ್ರತಿಯಿಂದ ನನ್ನ ಕೈಯಾರೆ ನಕಲು ಮಾಡಿಕೊಂಡದ್ದು. ಚುನಾವಣೆಗೆ ನಿಂತವನು ಹಾರವನ್ನೋ ರುಮಾಲನ್ನೋ ನೆನಪಿಗೆ ಇಟ್ಟುಕೊಂಡರೆ ಅದಕ್ಕೊಂದು ಅರ್ಥವಿದೆ, ಈ ಮನುಷ್ಯ ಕಾಗದ ಇಟ್ಟುಕೊಂಡಿದ್ದಾನಲ್ಲ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ಕುಳಿತುಕೊಳ್ಳಿ, ಹೇಳುತ್ತೇನೆ.

ನಮ್ಮ ಊರು ಜಡಿಗೇನಹಳ್ಳಿಗೆ ಒಂದು ಮೈಲಿ. ಊರಿಗೆ ಒಂದು ಕೆರೆ, ಕೆರೆಗೆ ಒಂದು ತೂಬು, ತೂಬಿಗೆ ಒಂದು ಬಿರುಕು. ಮಳೆಗಾಲದಲ್ಲಿ ಕೋಡಿ ಬಿದ್ದ ಕೆರೆ ಸಂಕ್ರಾಂತಿಯ ಹೊತ್ತಿಗೆ ತಳ ತೋರಿಸುತ್ತಿತ್ತು. ನೀರು ಬಿಡುವ ನೀರುಗಂಟಿ ಪ್ರತಿ ವರ್ಷ ಹುಲ್ಲು ಮತ್ತು ಜೇಡಿಮಣ್ಣು ತುರುಕಿ ಆ ಬಿರುಕಿನೊಂದಿಗೆ ಜಗಳವಾಡುತ್ತಿದ್ದ. ನನ್ನ ಅಕ್ಷರ ದುಂಡಗೆ ಇದ್ದದ್ದರಿಂದ ಸುತ್ತಿನ ಹಳ್ಳಿಗಳ ಅರ್ಜಿಗಳೆಲ್ಲ ನನ್ನ ಜಗಲಿಯ ಮೇಲೆಯೇ ಹುಟ್ಟುತ್ತಿದ್ದವು. ತೂಬಿನ ಬಗ್ಗೆ ಏಳು ಅರ್ಜಿ ಬರೆದೆ. ವಿಷಯ ಪರಿಶೀಲನೆಯಲ್ಲಿದೆ ಎಂದು ಏಳು ಸಲ ಉತ್ತರ ಬಂತು. ಆಗ ಸಭೆಯಲ್ಲಿ ನಮ್ಮ ಕಡೆಯಿಂದ ಕೂತಿದ್ದವರು ಒಬ್ಬ ಸಾಹುಕಾರರು. ಕೆಟ್ಟವರೇನಲ್ಲ, ಆದರೆ ಅವರ ಜಮೀನಿಗೆ ಬಾವಿ ಇತ್ತು, ತೂಬಿನ ಸುದ್ದಿ ಅವರಿಗೆ ತಟ್ಟುತ್ತಿರಲಿಲ್ಲ.

ಹೊಸಕೋಟೆಯಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದ ಮಹಬೂಬ್ ಸಾಬಿ ನನ್ನ ಮಿಡ್ಲ್ ಸ್ಕೂಲಿನ ಗೆಳೆಯ. ಎಂಟನೆಯ ಅರ್ಜಿಯನ್ನು ಅಂಚೆಗೆ ಹಾಕಲು ಹೋದ ದಿನ ಅವನು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಓದಿ, ಮಡಿಸಿ, ನನ್ನ ಜೇಬಿಗೇ ವಾಪಸು ತುರುಕಿದ. "ಬರೆಯೋ ಕೈ ಇಲ್ಲೇ ಕೂತ್ರೆ ಹೆಂಗೆ ಗೌಡ್ರೇ? ಕೈ ಜೊತೆಗೆ ಬಾಯೂ ಮೈಸೂರಿಗೆ ಹೋಗ್ಬೇಕು. ನಿಂತ್ಕೊಳ್ಳಿ, ಸೈಕಲ್ ನಂದು" ಎಂದ. ನನಗೂ ಒಳಗೊಳಗೇ ಆ ಆಸೆ ಇತ್ತೆಂದು ಕಾಣುತ್ತದೆ, ಯಾಕೆಂದರೆ ನಾನು ಯೋಚಿಸಿ ಹೇಳುತ್ತೇನೆ ಎಂಬ ಮಾತನ್ನು ಕೂಡ ಆಡಲಿಲ್ಲ. ಗೆಲ್ಲುತ್ತೇನೆಂಬ ಬಗ್ಗೆ ನನಗೆ ಸಂಶಯವೇ ಇರಲಿಲ್ಲ. ಹೋಬಳಿಯಲ್ಲಿ ನಾನು ಅರ್ಜಿ ಬರೆದುಕೊಡದ ಮನೆ ಯಾವುದಿತ್ತು?

ಆ ಕಾಲದಲ್ಲಿ ಓಟು ಎಲ್ಲರದ್ದಲ್ಲ. ಸರ್ಕಾರಕ್ಕೆ ಇಷ್ಟೆಂದು ಕಂದಾಯ ಕಟ್ಟುವ ಖಾತೆದಾರರಿಗೆ ಮಾತ್ರ. ಹೀಗಾಗಿ ಊರಿನ ಭೂಮಿಯ ಖಾತೆಗಳನ್ನು ನೋಡಿಕೊಂಡೇ ಪಟ್ಟಿ ತಯಾರಾಗುತ್ತಿತ್ತು. ಪಟ್ಟಿಯನ್ನು ಅಂಟಿಸಿ, ತಕರಾರಿದ್ದರೆ ಹೇಳಿಕೊಳ್ಳಿ ಎಂದು ಕೆಲವು ವಾರಗಳ ವಾಯಿದೆ ಕೊಟ್ಟಿದ್ದರು. ನಾನು ಎರಡು ದಿನ ಕಚೇರಿಯ ಗೋಡೆಗೆ ಮುಖ ಮಾಡಿ ನಿಂತು ನಕಲು ಮಾಡಿಕೊಂಡು, ಮಹಬೂಬನ ಸೈಕಲ್ಲಿನ ಹಿಂದೆ ಕೂತು, ಹೆಸರು ಹಿಡಿದು ಮನೆಮನೆಗೆ ಹೊರಟೆ. ನಕಲು ಮಾಡುವಾಗ ಕೈ ಬರೆಯುತ್ತಿತ್ತೇ ಹೊರತು ತಲೆ ಮೈಸೂರಿನಲ್ಲಿ ಭಾಷಣ ಮಾಡುತ್ತಿತ್ತು, ಹಾಗಾಗಿ ಏನು ಬರೆದೆನೆಂದು ಓದಿರಲಿಲ್ಲ.

ಮೊದಲ ಹಳ್ಳಿಯ ಮೊದಲ ಹೆಸರು ದೊಡ್ಡ ಮುನಿಯಪ್ಪ. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಹೆಂಗಸನ್ನು, ಯಜಮಾನರು ಎಲ್ಲಿ ತಾಯಿ ಎಂದು ಕೇಳಿದೆ. ಆಕೆ ಮೊರದಿಂದ ತಲೆ ಎತ್ತದೆಯೇ, "ಅಗೋ, ಹೊಲ್ದಾಗೆ, ಹೊಂಗೆ ಮರದ ಕೆಳಗೆ ಅವ್ರೆ" ಎಂದಳು. ಕೆಲಸ ಮುಗಿಸಿ ಮರದ ಕೆಳಗೆ ಅಡ್ಡಾಗಿರಬೇಕು, ಎಬ್ಬಿಸುವುದು ಬೇಡ, ತಾವಾಗಿ ಏಳಲಿ ಎಂದು ನಾನು ಮೆಲ್ಲನೆ ಹೆಜ್ಜೆ ಇಡುತ್ತ ಹೋದೆ. ಮರದ ಕೆಳಗೆ ಕುಂಕುಮ ಹಚ್ಚಿದ ಒಂದು ಕಲ್ಲಿತ್ತು. ಮಹಬೂಬ್ ಸೈಕಲ್ಲನ್ನು ಬದುವಿಗೆ ಒರಗಿಸಿ, ಕೂತುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಾನು ಬಂದ ತಪ್ಪಿಗೆ ಆ ಹಿರಿಯರಿಗೆ ಕೈಮುಗಿದು ವಾಪಸಾದೆ.

ನಮ್ಮ ಕಡೆ ಯಾರೂ ಅಪ್ಪ ಸತ್ತರೆ ಖಾತೆಯಿಂದ ಅವನ ಹೆಸರನ್ನು ತೆಗೆಸುತ್ತಿರಲಿಲ್ಲ. ಮಗ ಉಳುತ್ತಾನೆ, ಬಿತ್ತುತ್ತಾನೆ, ಕಂದಾಯ ಕಟ್ಟುತ್ತಾನೆ, ರಸೀತಿ ಮಾತ್ರ ಅಪ್ಪನ ಹೆಸರಿಗೆ ಬರುತ್ತದೆ. ಸೋಮಾರಿತನವೆಂದು ನೀವು ಅಂದುಕೊಂಡರೆ ಅದು ಅರ್ಧ ಮಾತ್ರ ಸರಿ. ಒಮ್ಮೆ ಹೊತ್ತು ಹೋಗಿ ಮಣ್ಣಿಗಿಟ್ಟ ಮೇಲೆ, ಇನ್ನೊಮ್ಮೆ ಕಚೇರಿಗೆ ಹೋಗಿ ಇಂಥವನು ಇಲ್ಲ ಎಂದು ಬಾಯಿಬಿಟ್ಟು ಹೇಳುವುದು ಯಾರಿಗೂ ಬೇಡವಾಗಿತ್ತು. ಹೀಗೆ ನಮ್ಮ ಹೋಬಳಿಯ ಅಪ್ಪಂದಿರು, ತಾತಂದಿರು, ಹೊಂಗೆ ಮರಗಳ ಕೆಳಗೆ ಮಲಗಿಕೊಂಡೇ ಭೂಮಿಯ ಒಡೆಯರಾಗಿ ಮುಂದುವರಿದಿದ್ದರು. ಈಗ ಸರ್ಕಾರ ಅವರ ಕೈಗೆ ಓಟನ್ನೂ ಕೊಟ್ಟಿತ್ತು.

ಸಂಜೆ ಮನೆಗೆ ಬಂದು, ಹೋಬಳಿಯ ತಮಾಷೆಯನ್ನು ಅವ್ವನಿಗೂ ಹೆಂಡತಿಗೂ ಹೇಳಿ ನಗಿಸುತ್ತ, ನಮ್ಮ ಊರಿನ ಪುಟ ತೆಗೆದೆ. ನಾಲ್ಕನೆಯ ಹೆಸರಿಗೆ ಬಂದಾಗ ನನ್ನ ನಗು ನಿಂತಿತು. ಪಿಳ್ಳಪ್ಪ ಬಿನ್ ಮುನಿಶಾಮಪ್ಪ. ನಮ್ಮ ತಂದೆ ತೀರಿಕೊಂಡು ಆಗ ಹನ್ನೊಂದು ವರ್ಷವಾಗಿತ್ತು. ಪುಟವನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದೆ. ಚನ್ನಪ್ಪ ಬಿನ್ ಪಿಳ್ಳಪ್ಪ ಎಂಬ ಮನುಷ್ಯ ಎಲ್ಲಿಯೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದವನು ಓಟು ಹಾಕುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ಹೋಬಳಿಯ ಅರ್ಜಿಗಳನ್ನೆಲ್ಲ ಬರೆದ ಮಹಾಶಯ ತನ್ನದೊಂದನ್ನು ಬರೆಯುವುದನ್ನು ಮರೆತಿದ್ದ. ಮರೆತಿದ್ದ ಎನ್ನುವುದೂ ಸುಳ್ಳು. ಹನ್ನೊಂದು ವರ್ಷ ಬರೆಯದೆ ಮುಂದೂಡಿದ್ದ.

ಅವ್ವ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು. ನನ್ನ ಮುಖ ನೋಡಿ ಏನೆಂದು ಕೇಳಿದಳು. ಹೇಳಿದೆ. "ಎಲ್ಲಿ, ಅವ್ರ ಹೆಸ್ರು ಎಲ್ಲೈತೆ?" ಎಂದು ಬಗ್ಗಿದಳು. ನಾನು ತೋರಿಸಿದ ಜಾಗದ ಪಕ್ಕದಲ್ಲಿ ಸುಣ್ಣದ ಬೆರಳನ್ನು ಹಾಗೆಯೇ ಇಟ್ಟು, ಅಕ್ಷರ ಬಾರದ ಅವಳು ಆ ಸಾಲನ್ನು ಬಹಳ ಹೊತ್ತು ನೋಡಿದಳು. ಆ ಗುರುತೇ ಇನ್ನೂ ಆ ಪುಟದಲ್ಲಿ ಉಳಿದಿದೆ.

ಮಾರನೆಯ ದಿನ ಶಾನುಭೋಗರ ಹತ್ತಿರ ಹೋದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ನಿಮ್ಮ ಹೆಸರು ಸೇರಿಸೋದಕ್ಕೆ ಮೊದಲು ತಂದೆಯವರದು ತೆಗೀಬೇಕಲ್ಲಪ್ಪ. ಅರ್ಜಿ ನೀವೇ ಬರೀರಿ, ನಿಮಗೆ ನಾನು ಹೇಳಿಕೊಡೋದೇನಿದೆ" ಎಂದರು. ಮನೆಗೆ ಬಂದು ಕೂತೆ. ಸದರಿ ಖಾತೆದಾರರು ಮೃತರಾಗಿರುವುದರಿಂದ ಎಂದು ಒಂದು ಸಾಲು, ಅಷ್ಟೇ. ಮೂರು ಕಾಗದ ಹಾಳು ಮಾಡಿದೆ. ನಾಲ್ಕನೆಯದರ ಮೇಲೆ ಕೈ ನಿಂತೇಬಿಟ್ಟಿತು ಮತ್ತು ನನಗೆ ಅಳು ಬಂತು. ಮಣ್ಣಿಗಿಟ್ಟ ದಿನ ನೆಂಟರ ಮುಂದೆ ನಾನು ಇಷ್ಟು ಅತ್ತಿರಲಿಲ್ಲ. ಚುನಾವಣೆಯೂ ಬೇಡ, ಮೈಸೂರೂ ಬೇಡ, ಇದ್ದ ಹಾಗೆ ಇರಲಿ ಎಂದುಕೊಂಡು ಕಾಗದವನ್ನು ಮಡಿಸುತ್ತಿದ್ದಾಗ ಅವ್ವ ಬಂದಳು. "ಬರಿಯೋ. ನಿನ್ನ ಇಸ್ಕೂಲಿಗೆ ಹಾಕಿದ್ದು ಬರೀಲಿ ಅಂತ್ಲೇ ಅಲ್ವಾ? ಅವ್ರೂ ಆ ತೂಬಿಗೆ ಹುಲ್ಲು ತುರುಕಿ ತುರುಕಿ ಸಾಕಾಗೇ ಹೋದ್ರು" ಎಂದಳು. ನಾನು ಬರೆದೆ.

ವಾರಸುದಾರಳೆಂದು ಅವ್ವನ ಹೆಬ್ಬೆಟ್ಟೂ ಬೇಕಿತ್ತು. ಶಾನುಭೋಗರು ಪದ್ಧತಿಯಂತೆ, "ಗಂಡನ ಹೆಸರು ಹೇಳಮ್ಮ" ಎಂದರು. ಅವ್ವ ಸೆರಗನ್ನು ಬಾಯಿಗೆ ಹಿಡಿದು ನನ್ನ ಕಡೆ ನೋಡಿದಳು. ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಇದ್ದಾಗಲೂ ಇಲ್ಲ, ಹೋದ ಮೇಲೂ ಇಲ್ಲ. ನಾನೇ ಹೇಳಿದೆ. ಹೆಬ್ಬೆಟ್ಟು ಒತ್ತಿ ಬೆರಳನ್ನು ಕಂಬಕ್ಕೆ ಒರೆಸಿಕೊಳ್ಳುತ್ತ, "ಅಲ್ಲ ಸೋಮಿ, ಹನ್ನೊಂದು ವರ್ಸ ಅವ್ರಿಗಿತ್ತಲ್ಲ ಆ ಓಟು, ನಂಗೈತಾ?" ಎಂದು ಕೇಳಿದಳು. ಜಮೀನು ನಿನ್ನ ಹೆಸರಿನಲ್ಲಿದ್ದರೆ ನಿನಗೂ ಉಂಟು ಎಂದು ಶಾನುಭೋಗರು ವಿವರಿಸಿದರು. ಒಂದೆಕರೆಯನ್ನು ಅವಳ ಹೆಸರಿಗೆ ಬರೆಸಬಹುದಿತ್ತೇ, ಅಷ್ಟಕ್ಕೆ ಓಟು ಬರುತ್ತಿತ್ತೇ ಎಂದು ನಾನು ಆಗ ಯೋಚಿಸಲೇ ಇಲ್ಲ. ನಿನಗೆ ಯಾಕವ್ವ ಆ ಗಲಾಟೆ ಎಂದು ನಕ್ಕು ಕರೆದುಕೊಂಡು ಬಂದೆ. ತೀರಿಹೋದ ಅಪ್ಪನಿಗೆ ಜಾಗವಿದ್ದ ಪಟ್ಟಿಯಲ್ಲಿ ಬದುಕಿದ್ದ ಅವ್ವನಿಗೆ ಜಾಗವಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ನನ್ನ ಜಾಣತನದ ಬಗ್ಗೆ ನನಗಿರುವ ಅಭಿಮಾನಕ್ಕೆ ಆ ನಗು ಇವತ್ತಿಗೂ ಒಂದು ಕಲೆಯಾಗಿ ಉಳಿದಿದೆ.

ನನ್ನ ಹೆಸರೇನೋ ಸೇರಿತು. ನನಗೆ ಓಟು ಹಾಕುವವರ ಹೆಸರು ಸೇರಬೇಕಲ್ಲ? ನಮ್ಮ ಊರಿನ ಹಿರಿಯ ಬೈಲಪ್ಪ ಮಾವನ ಬಳಿಗೆ ಹೋದೆ. ಅವರು ಒಪ್ಪಿದರೆ ಊರೇ ಒಪ್ಪುತ್ತಿತ್ತು. ಅವರ ಗದ್ದೆಯ ಖಾತೆ ಇನ್ನೂ ಅವರ ಅಪ್ಪ ದ್ಯಾವಪ್ಪನ ಹೆಸರಿನಲ್ಲಿತ್ತು. ಮಾತು ಮುಗಿಸುವ ಮೊದಲೇ ಅವರು ಎದ್ದುನಿಂತರು. "ನಿನ್ನ ಓಟಿಗೋಸ್ಕರ ನಮ್ಮಪ್ಪನ್ನ ಮನೆಯಿಂದ ಆಚೆಗೆ ಹಾಕ್ಲೇನಪ್ಪ? ಗದ್ದೆ ಮಾಡಿದ್ದು ಅವ್ನು. ಹೆಸ್ರು ಅವಂದೇ ಇರ್ಲಿ" ಎಂದರು. ನನ್ನ ವಾದಗಳೆಲ್ಲ ಅಲ್ಲಿಗೆ ಮುಗಿದವು, ಯಾಕೆಂದರೆ ಅವೆಲ್ಲವನ್ನೂ ನಾನೇ ಹನ್ನೊಂದು ವರ್ಷ ನಂಬಿರಲಿಲ್ಲ.

ಕೊನೆಗೆ ಬೇರೆ ದಾರಿ ಕಾಣದೆ, ಅವರನ್ನು ಶಾನುಭೋಗರ ಮನೆಗೆ ಕರೆದುಕೊಂಡು ಹೋಗಿ ನಮ್ಮ ಜಮೀನಿನ ಹೊಸ ನಮೂದನ್ನು ಓದಿಸಿದೆ. ಕಾಲಂ ದೊಡ್ಡದೇನಲ್ಲ. ದಿವಂಗತ ಪಿಳ್ಳಪ್ಪನವರ ಮಗ ಚನ್ನಪ್ಪ ಎಂದು ಶಾನುಭೋಗರು ನಿಧಾನವಾಗಿ ಓದಿದರು. ಬೈಲಪ್ಪ ಮಾವ ಇನ್ನೊಮ್ಮೆ ಓದಿಸಿದರು. "ಅಂಗಾದ್ರೆ ಅಪ್ಪ ಮುಂದೆ, ಮಗ ಹಿಂದೆ. ತೆಗ್ದಿಲ್ಲ, ವಸಿ ಸರ್ಸವ್ರೆ. ಇದ ಮೊದ್ಲೇ ಹೇಳಾಕೇನಾಗಿತ್ತು ನಿಂಗೆ?" ಎಂದು ನನ್ನನ್ನೇ ಗದರಿದರು. ಮೊದಲೇ ಹೇಳಲು ನನಗೂ ಅದು ಗೊತ್ತಿರಲಿಲ್ಲ. ನಾನು ಬರೆದುಕೊಟ್ಟ ಅರ್ಜಿಯಲ್ಲಿ ಇದ್ದದ್ದು ಸಾವು. ಶಾನುಭೋಗರ ಪುಸ್ತಕದಲ್ಲಿ ಮೂಡಿದ್ದು ಸಂಬಂಧ. ಆ ಒಂದು ಸಾಲು ಕೇಳಿದ ದಿನ ಮನೆಗೆ ಬಂದು ಎರಡು ಮುದ್ದೆ ಹೆಚ್ಚಿಗೆ ಉಂಡೆ.

ನಮ್ಮ ಊರಿನವರು ವಾಯಿದೆಯೊಳಗೆ ಖಾತೆಗಳ ಹೆಸರು ಬದಲಾಯಿಸಿಕೊಂಡರು. ಉಳಿದ ಹಳ್ಳಿಗಳನ್ನು ಮುಟ್ಟುವಷ್ಟರಲ್ಲಿ ವಾಯಿದೆ ತೀರಿತು. ಇನ್ನು ಮತದಾನದ ದಿನ ನಡೆದದ್ದನ್ನು ನೀವು ಊಹಿಸಲಾರಿರಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿಯಲ್ಲವೇ? ನನ್ನ ಎದುರಿಗೆ ನಿಂತಿದ್ದ ಸಾಹುಕಾರರ ಕಡೆಯವರು ಆ ರೂಢಿಯ ಬೆಲೆಯನ್ನು ನನಗಿಂತ ಚೆನ್ನಾಗಿ ಅರಿತಿದ್ದರು. ಬೆಳಗಿನಿಂದಲೇ ಓಟು ಹಾಕುವ ಚಾವಡಿಯ ಮುಂದೆ ಗಾಡಿಗಳಲ್ಲಿ ಮೊಮ್ಮಕ್ಕಳು ಬಂದು ಇಳಿದರು. ದೊಡ್ಡ ಮುನಿಯಪ್ಪ ಎಂದು ಕೂಗಿದರೆ, ಹೊಸ ಪಂಚೆ ಉಟ್ಟ ಇಪ್ಪತ್ತೆರಡರ ದೊಡ್ಡ ಮುನಿಯಪ್ಪ ಓ ಎಂದು ಒಳಗೆ ಹೋಗುತ್ತಿದ್ದ. ಹೊಂಗೆ ಮರದ ಕೆಳಗಿನ ಆ ಕಲ್ಲಿಗೆ ಕೈಮುಗಿದು ಬಂದಿದ್ದ ನಾನು ಚಾವಡಿಯ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮಹಬೂಬ್ ನನ್ನನ್ನು ಪಕ್ಕಕ್ಕೆ ಕರೆದ. "ಗೌಡ್ರೇ, ನಮ್ಮ ಕಡೇನೂ ಅವ್ರೆ, ತಾತನ ಹೆಸರಿನೋರು. ಹನ್ನೆರಡು ಜನ. ಕರ್ಕಂಬರ್ಲಾ?" ಎಂದ. ನಾನು ತಕ್ಷಣ ಬೇಡವೆಂದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಅದು ಮುಗಿಯುವ ತನಕ ಲೆಕ್ಕ ಹಾಕಿದೆ. ಹೆಸರು ಅದೇ, ಊರು ಅದೇ, ಜಮೀನು ಅದೇ, ಎಲ್ಲಿದೆ ಸುಳ್ಳು? ಆಮೇಲೆ ಹೇಳಿದೆ: "ನಮ್ಮಪ್ಪ ಸತ್ತ ಅಂತ ಕೈಯಾರೆ ಬರ್ಕೊಟ್ಟು ನಿಂತಿದೀನಿ ಕಣೋ ಮಹಬೂಬ. ಈಗ ಬೇರೆಯವರ ತಾತಂದಿರನ್ನ ಎಬ್ಬಿಸ್ಕೊಂಡು ಬಂದು ಗೆದ್ರೆ, ಆ ಕಾಗದ ಬರೆದದ್ದು ಯಾತಕ್ಕೆ?" ಅವನು "ಸೋಲ್ತೀರಿ" ಎಂದ. ನಾನು ಹನ್ನೊಂದು ಓಟುಗಳಿಂದ ಸೋತೆ.

ನನ್ನನ್ನು ಸೋಲಿಸಿದವರು ಸತ್ತವರು ಎಂದು ನಾನು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದೆ, ಜನ ನಕ್ಕರು, ನಾನೂ ನಕ್ಕೆ. ಹೊಟ್ಟೆ ಉರಿಯಲಿಲ್ಲವೇ ಎಂದರೆ ಉರಿಯಿತು. ಆದರೆ ಕೈ ಸುಮ್ಮನೆ ಕೂರುವ ಜಾತಿಯದಲ್ಲ. ರಾಗಿ ಕೊಯ್ಲು ಮುಗಿದ ಮೇಲೆ ಒಂದು ಚೀಲದಲ್ಲಿ ಕಾಗದ, ಮಸಿ, ಲೇಖನಿ ಹಾಕಿಕೊಂಡು, ಇದೇ ಪಟ್ಟಿಯನ್ನು ಹಿಡಿದು ಮತ್ತೆ ಹೊರಟೆ. ನಾಲ್ಕು ವರ್ಷ, ಬಿಡುವಾದಾಗಲೆಲ್ಲ, ಹಳ್ಳಿ ಹಳ್ಳಿಯ ಜಗಲಿಗಳ ಮೇಲೆ ಕೂತು ಖಾತೆ ಬದಲಾವಣೆಯ ಅರ್ಜಿ ಬರೆದೆ. ನನಗೆ ಓಟು ಕೊಡಿ ಎಂದು ಕೇಳಲಿಲ್ಲ. ಅಪ್ಪನ ಹೆಸರು ಹೇಳಿ, ಅವರು ಏನು ಮಾಡಿದರು ಹೇಳಿ ಎಂದಷ್ಟೇ ಕೇಳುತ್ತಿದ್ದೆ. ಮೊದಲು ಮುಖ ಗಂಟಿಕ್ಕಿಕೊಂಡವರು, ಬಾವಿ ತೋಡಿದ ಅಪ್ಪ, ಹುಣಸೆ ತೋಪು ಹಾಕಿದ ತಾತ ಎಂದು ಶುರುಮಾಡಿದರೆ ಊಟದ ಹೊತ್ತು ದಾಟುತ್ತಿತ್ತು. ಒಂದೊಂದು ಅರ್ಜಿ ಬರೆದಾಗಲೂ ಈ ಪಟ್ಟಿಯಲ್ಲಿ ಆ ಹೆಸರಿನ ಪಕ್ಕಕ್ಕೆ ಮಗನ ಹೆಸರನ್ನು ಬರೆದುಕೊಳ್ಳುತ್ತಿದ್ದೆ.

ಯುದ್ಧ ಮುಗಿಯುವ ವರ್ಷ ಮತ್ತೆ ಚುನಾವಣೆ ಬಂತು. ಹೊಸ ಪಟ್ಟಿಯಲ್ಲಿ ಹೆಚ್ಚಿನವರು ಉಸಿರಾಡುವವರು. ಈ ಸಲ ಗಾಡಿಗಳಲ್ಲಿ ಬಂದ ಮೊಮ್ಮಕ್ಕಳಿಗೆ ಕೆಲಸವಿರಲಿಲ್ಲ. ಅವರ ಅಪ್ಪಂದಿರು ನಡೆದೇ ಬಂದು, ತಮ್ಮ ಹೆಸರು ಕೂಗಿದಾಗ, ಅದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡವರಂತೆ ನಿಂತು ಒಳಗೆ ಹೋದರು. ನಾನು ಗೆದ್ದೆ, ಚೆನ್ನಾಗಿಯೇ ಗೆದ್ದೆ. ಎರವಲು ಕೋಟು, ಮಹಬೂಬ್ ಕಟ್ಟಿದ ಜರಿಪೇಟ ತೊಟ್ಟು ದಸರೆಯ ಅಧಿವೇಶನಕ್ಕೆ ಹೋಗಿ, ನಮ್ಮ ತೂಬಿನ ಬಿರುಕನ್ನು ಅಂಥ ಭವ್ಯವಾದ ಸಭಾಂಗಣದಲ್ಲಿ ಗೇಣು, ಮೊಳಗಳ ಅಳತೆ ಸಹಿತ ವರ್ಣಿಸಿದೆ. ಎರಡನೆಯ ವರ್ಷಕ್ಕೆ ತೂಬು ಹೊಸದಾಯಿತು. ನೀರುಗಂಟಿ ಈಗ ಹುಲ್ಲನ್ನು ಎಮ್ಮೆಗೇ ಹಾಕುತ್ತಾನೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನನ್ನ ಪ್ರತಾಪದ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮೊನ್ನೆ ಮೊನ್ನೆ, ದೇಶ ಸ್ವತಂತ್ರವಾದ ಮೇಲೆ, ಜಮೀನು ಇರಲಿ ಬಿಡಲಿ, ಗಂಡಾಗಲಿ ಹೆಣ್ಣಾಗಲಿ, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಓಟು ಎಂದು ಹೊಸ ಪಟ್ಟಿ ಬರೆಯುವವರು ನಮ್ಮ ಊರಿಗೆ ಬಂದರು. ಬಂದಾತ ಬಡಪಾಯಿ, ನಮ್ಮ ಮನೆಗೆ ತಲುಪುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತಿದ್ದ. ಬೀದಿಯುದ್ದಕ್ಕೂ ಹೆಂಗಸರು ತಮ್ಮ ಹೆಸರನ್ನೇ ಹೇಳಿರಲಿಲ್ಲ. ರಾಮಣ್ಣನ ಹೆಂಡತಿ ಅಂತ ಹಾಕ್ಕಳಿ, ಮುನಿಯನ ಅವ್ವ ಅಂತ ಹಾಕ್ಕಳಿ ಎಂದು ಬಾಗಿಲ ಹಿಂದಿನಿಂದ ಅಕ್ಕಪಕ್ಕದವರ ಕೈಲಿ ಹೇಳಿಸಿದ್ದರು. ಹೀಗೆ ಬರೆದರೆ ಮೇಲಿನವರು ಹೊಡೆದುಹಾಕುತ್ತಾರೆ ಸ್ವಾಮಿ ಎಂದು ಅವನು ನನ್ನ ಮುಂದೆ ಗೋಳಾಡಿದ.

ಅವ್ವ ಹಜಾರದ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಅವಳನ್ನು ಕೇಳುವ ಮೊದಲೇ, "ಬರ್ಕಳಪ್ಪ, ಲಕ್ಕಮ್ಮ" ಎಂದಳು. ನಾನು ನಲವತ್ತೈದರ ಗಂಡಸು. ಅವ್ವನ ಹೆಸರನ್ನು ಅವಳ ಬಾಯಿಂದಲೇ ಕೇಳಿದ್ದು ಅದೇ ಮೊದಲು. ಹನ್ನೊಂದು ವರ್ಷ ಅವ್ರಿಗಿತ್ತಲ್ಲ, ನಂಗೈತಾ ಎಂದು ಕೇಳಿದ್ದ ದನಿಯೇ ಅದು. ಅಂದು ನಕ್ಕಿದ್ದ ನಾನು ಈಗ ತಲೆ ತಗ್ಗಿಸಿ ನಿಂತಿದ್ದೆ.

ಆತ ಬರೆದುಕೊಂಡು, "ಗಂಡನ ಹೆಸರು?" ಎಂದ. ಅವ್ವನ ಸೆರಗು ಬಾಯಿಗೆ ಹೋಯಿತು. ನಾನು ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ನನ್ನನ್ನು ತಡೆದಳು. ಗೋಡೆ ಹಿಡಿದು ಎದ್ದು, ಮೊಳೆಯಿಂದ ಈ ಕಟ್ಟನ್ನು ಇಳಿಸಿ, ಒಂದೊಂದೇ ಪುಟವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಮಗುಚಿದಳು. ಸುಣ್ಣದ ಗುರುತು ಬಂದ ಪುಟದಲ್ಲಿ ನಿಂತು, ಅದರ ಪಕ್ಕದ ಸಾಲಿನ ಮೇಲೆ ಬೆರಳಿಟ್ಟು ಅವನ ಮುಂದೆ ಹಿಡಿದಳು. "ಇಲ್ಲೈತೆ. ನೋಡಿ ಬರ್ಕಳಿ" ಎಂದಳು.

ಲಕ್ಕಮ್ಮ, ಗಂಡ ದಿವಂಗತ ಪಿಳ್ಳಪ್ಪ ಎಂದು ಅವನು ಬರೆದು ಗಟ್ಟಿಯಾಗಿ ಓದಿದ. ಈ ಸಲ ಅವಳು ಮುಂದೆ, ಅಪ್ಪ ಹಿಂದೆ. ಅದಾದ ಮೇಲೆ ನನ್ನ ಹೆಂಡತಿ ಅಡುಗೆಮನೆಯ ಹೊಸಿಲಿನಿಂದ ಈಚೆಗೆ ಬಂದು, ಯಾರೂ ಕೇಳದೆ, ತನ್ನ ಹೆಸರು ಹೇಳಿದಳು. ಆಮೇಲೆ ಅತ್ತೆಯ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡು, ಸೆರಗಿನಿಂದ ಧೂಳು ಒರೆಸಿ, ತಾನೇ ಮೊಳೆಗೆ ಹಾಕಿದಳು. ಅವತ್ತಿನಿಂದ ಒಲೆ ಹೊತ್ತಿಸಲು ಅವಳು ಅದನ್ನು ಕೇಳಿಲ್ಲ.